ಚಾನಲ್ ಏರಿಯ ಗರಸು ದಾರಿ: ಇಟಲಿಯಲ್ಲಿ ಸೈಕಲ್ ಪಥ, ತರೀಕೆರೆಯಲ್ಲಿ 'ಇಲಾಖೆ ಆಸ್ತಿ'

ಕಡೂರು, ಬೀರೂರು ಕಡೆ ಯಾರ ಹತ್ತಿರ ಬೇಕಾದರೂ 'ಗ್ರಾವೆಲ್' ಅಂತ ಹೇಳಿ ನೋಡಿ. ಅವರಿಗೆ ನೆನಪಾಗೋದು ಟಿಪ್ಪರ್. ಗುಡ್ಡ ಕಡಿದೋ ಕೆರೆ ಬಗೆದೋ ತಂದ ಕೆಂಪು ಗರಸು ಮಣ್ಣು, ಅದನ್ನ ತುಂಬಿಕೊಂಡು ಹೈವೇ ಕೆಲಸಕ್ಕೆ ದೂಳೆಬ್ಬಿಸಿಕೊಂಡು ಓಡೋ ಲಾರಿಗಳ ಸಾಲು, ಪಕ್ಕದಲ್ಲಿ ಸೈಕಲ್ ಇಳಿದು, ಕಣ್ಣು ಮುಚ್ಚಿ ನಿಲ್ಲೋ ಹೈಸ್ಕೂಲು ಹುಡುಗ.

ಇದೇ ಪದವನ್ನ ಬೆಂಗಳೂರಿನ ಸೈಕಲ್ ಅಂಗಡಿಯಲ್ಲಿ ಹೇಳಿದರೆ ಅರ್ಥವೇ ಬೇರೆ. ಅಲ್ಲಿ 'ಗ್ರಾವೆಲ್' ಅಂದರೆ ಒಂದು ಜಾತಿಯ ಸೈಕಲ್ಲು, ಒಂದು ಬಗೆಯ ಸವಾರಿ. ಡಾಂಬರು ಬಿಟ್ಟು, ಕಾರು ಬಸ್ಸು ಇಲ್ಲದ ಮಣ್ಣಿನ ದಾರಿ, ಜಲ್ಲಿ ದಾರಿಗಳಲ್ಲಿ ದಿನಗಟ್ಟಲೆ ಸಾಗೋದು. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 2006ರಲ್ಲಿ ಒಂದು ಸಣ್ಣ ರೇಸು ಶುರುವಾಯಿತು. ಆಮೇಲೆ ಇದು ಎಷ್ಟು ಬೆಳೆಯಿತು ಅಂದರೆ, 2022ರಲ್ಲಿ ಇಟಲಿಯಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು. ಸ್ಪೇನ್, ಫ್ರಾನ್ಸ್, ಇಟಲಿಯ ಮೆಡಿಟರೇನಿಯನ್ ಕರಾವಳಿ ಈಗ ಈ ಸವಾರರ ಕಾಶಿ.

'ನಮಗ್ಯಾಕೆ ಸ್ವಾಮಿ ಇದೆಲ್ಲ, ದುಡ್ಡಿದ್ದವರ ಶೋಕಿ' ಅಂತ ಅನ್ನಿಸಿದರೆ ತಪ್ಪಿಲ್ಲ. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಕರಾವಳಿಯ ದಾರಿಗಳು ಹುಟ್ಟಿದ್ದು ಹೇಗೆ ಅಂತ ಓದ್ತಾ ಹೋದಾಗ ನನಗೆ ಕಂಡಿದ್ದು ಲಕ್ಕವಳ್ಳಿಯ ಚಾನಲ್ಲು. ಅಲ್ಲಿನ ಸರ್ಕಾರಗಳು ಹೊಸದಾಗಿ ಕಟ್ಟಿದ್ದು ತೀರಾ ಕಡಿಮೆ. ಹೆಚ್ಚಾಗಿ ಮಾಡಿದ್ದು ಒಂದು ಗೇಟಿನ ನಿಯಮ ಬದಲಾಯಿಸಿದ್ದು.

ನೀರಿನ ಪಕ್ಕದ ದಾರಿ

ಇಟಲಿಯ ನಕ್ಷೆಯನ್ನ ಬೂಟು ಅಂತ ಊಹಿಸಿಕೊಂಡರೆ ಅದರ ಹಿಮ್ಮಡಿಯ ಜಾಗದಲ್ಲಿ ಇರೋದು ಪುಲ್ಯ ಪ್ರಾಂತ್ಯ. ಸುತ್ತ ಸಮುದ್ರ, ಆದರೆ ಕುಡಿಯೋಕೆ ನೀರಿಲ್ಲ. ಸುಣ್ಣಕಲ್ಲಿನ ನೆಲ, ಬಿದ್ದ ಮಳೆಯೆಲ್ಲ ಒಳಗಿಳಿದು ಹೋಗುತ್ತೆ. ಆಲಿವ್ ತೋಟದ ಕೂಲಿಗಳು ಮಳೆನೀರು ಹಿಡಿದಿಟ್ಟುಕೊಂಡು ಬದುಕುತ್ತಿದ್ದ ಸೀಮೆ. ಒಂದೇ ಜಿಲ್ಲೆಯಲ್ಲಿ ಮೂಡಿಗೆರೆಗೆ ಮಳೆ, ಕಡೂರಿಗೆ ಬರ ಅಂತ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆ ಸೀಮೆಗೆ ನೀರು ತರೋಕೆ 1906ರಲ್ಲಿ ಕೆಲಸ ಶುರುವಾಯಿತು. ಪಶ್ಚಿಮದ ಬೆಟ್ಟಗಳ ಆ ಕಡೆ, ಕಪೊಸೆಲೆ ಅನ್ನೋ ಊರಿನ ಹತ್ತಿರ ಹುಟ್ಟುವ ಸೆಲೆ ನದಿಯ ನೀರನ್ನ ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದರು. ಬಾರಿ ನಗರಕ್ಕೆ ಆ ನೀರು ಮುಟ್ಟಿದ್ದು 1915ರ ಏಪ್ರಿಲ್‌ನಲ್ಲಿ. ಮುಖ್ಯ ಕಾಲುವೆಯೇ 244 ಕಿಲೋಮೀಟರ್. ಹೆಚ್ಚಿನ ಭಾಗ ನೆಲದೊಳಗೆ ಮುಚ್ಚಿದ ಕಾಲುವೆ. ರಿಪೇರಿಗೆ, ತಪಾಸಣೆಗೆ ಅಂತ ಅದರ ಮೇಲೋ ಪಕ್ಕಕ್ಕೋ ಒಂದು ಜಲ್ಲಿ ದಾರಿ.

ನೂರು ವರ್ಷ ಆ ದಾರಿ ನೀರಿನ ಸಂಸ್ಥೆಯ ನೌಕರರ ದಾರಿಯಾಗಿಯೇ ಇತ್ತು. ಆಮೇಲೆ ಪ್ರಾಂತೀಯ ಸರ್ಕಾರ ಮತ್ತು ನೀರಿನ ಸಂಸ್ಥೆ ಸೇರಿ ಅದರ ಕೆಲವು ಭಾಗಗಳನ್ನ ಸೈಕಲ್ಲಿಗೆ, ನಡಿಗೆಗೆ ತೆರೆದವು. ಇತ್ರಿಯ ಕಣಿವೆಯ ಭಾಗ ಎಲ್ಲಕ್ಕಿಂತ ಹೆಸರಾಗಿದೆ. ಕಾರಿಗೆ ಅಡ್ಡಗಟ್ಟೆ, ಸೈಕಲ್ಲಿಗೆ ಸಂದು. ಕಪೊಸೆಲೆಯಿಂದ ಬೂಟಿನ ಹಿಮ್ಮಡಿಯ ತುದಿಯವರೆಗೆ ಸುಮಾರು 500 ಕಿಲೋಮೀಟರ್ ಸೈಕಲ್ ಪಥ ಮಾಡುವ ಯೋಜನೆ ಈಗ ಇಟಲಿಯ ರಾಷ್ಟ್ರೀಯ ಸೈಕಲ್ ಪಥಗಳ ಪಟ್ಟಿಯಲ್ಲಿದೆ. ಪೂರ್ತಿ ಆಗಿಲ್ಲ, ಎಷ್ಟೋ ಕಡೆ ಹಳ್ಳಿ ರಸ್ತೆಗೆ ಇಳಿಯಬೇಕು. ಆದರೆ ಆದಷ್ಟು ಭಾಗಕ್ಕೆ ಹೊಸದಾಗಿ ಭೂಮಿ ಹುಡುಕೋ ಪ್ರಮೇಯ ಬರಲಿಲ್ಲ.

ಫ್ರಾನ್ಸಿನಲ್ಲೂ ಇದೇ ಕತೆ. ತುಲೂಸ್ ನಗರದಿಂದ ಮೆಡಿಟರೇನಿಯನ್ ತೀರದವರೆಗೆ 240 ಕಿಲೋಮೀಟರ್ ಹರಿಯುವ ಕನಾಲ್ ದ್ಯು ಮಿದಿ ಶುರುವಾಗಿದ್ದು 1681ರಲ್ಲಿ. ದೋಣಿಗಳನ್ನ ಕುದುರೆ ಎಳೆಯೋಕೆ ಅಂತ ದಂಡೆ ಮೇಲೆ ಮಾಡಿದ್ದ ದಾರಿಯಲ್ಲಿ ಈಗ ಸೈಕಲ್ ಓಡುತ್ತೆ. ಸ್ಪೇನಿನಲ್ಲಿ ಕಾಲುವೆ ಬದಲು ರೈಲು. ಹಿರೋನಾ ನಗರದಿಂದ ಒಂದು ಕಡೆ ಸಮುದ್ರಕ್ಕೆ, ಇನ್ನೊಂದು ಕಡೆ ಬೆಟ್ಟಕ್ಕೆ ಓಡುತ್ತಿದ್ದ ಕಿರಿದಾದ ಹಳಿಯ ಎರಡು ರೈಲುಗಳು 1969ರಲ್ಲಿ ನಿಂತವು. 1993ರಲ್ಲಿ ಶುರುವಾದ 'ಹಸಿರು ದಾರಿ' ಕಾರ್ಯಕ್ರಮದಲ್ಲಿ ಇಂಥ ಸತ್ತ ರೈಲು ಮಾರ್ಗಗಳನ್ನ ಸೈಕಲ್ ದಾರಿ ಮಾಡಿದರು. ಇವತ್ತು ಸ್ಪೇನಿನಲ್ಲಿ ಹೀಗೆ ಮಾಡಿದ ದಾರಿ 3,000 ಕಿಲೋಮೀಟರ್ ದಾಟಿದೆ.

ಇವೆಲ್ಲಕ್ಕೂ ಒಂದು ಸಮಾನ ಅಂಶ ಇದೆ. ನೀರಿಗಾಗಿ ಅಥವಾ ರೈಲಿಗಾಗಿ ಮಾಡಿದ ದಾರಿಗೆ ಏರಿಳಿತ ಇರಲ್ಲ. ಗುರುತ್ವದಿಂದ ಹರಿಯುವ ದೊಡ್ಡ ಕಾಲುವೆಯ ತಳ ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣಿನಷ್ಟು ಇಳಿಜಾರು ಇದ್ದರೆ ಹೆಚ್ಚು. ಕಾಲುವೆ ಬೆಟ್ಟದ ಮೈ ಬಳಸಿ ಹೋಗುತ್ತೆ, ಪಕ್ಕದ ದಾರಿಯೂ ಹಾಗೇ ಬಳಸುತ್ತೆ. ಅಂದರೆ ಗೇರ್ ಇಲ್ಲದ ಸೈಕಲ್ಲಿಗೂ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಹದಿಮೂರು ವರ್ಷದ ಹುಡುಗಿಗೂ ಅದು ತುಳಿಯಬಹುದಾದ ದಾರಿ. ಇದನ್ನ ಸೈಕಲ್ಲಿಗಾಗಿ ಯಾರೂ ಡಿಸೈನ್ ಮಾಡಿದ್ದಲ್ಲ, ನೀರು ಮಾಡಿಸಿದ್ದು.

ನಮ್ಮಲ್ಲಿ ಏನಿದೆ?

ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು. ಅಲ್ಲಿಂದ ಬಲದಂಡೆ ನಾಲೆ ದಾವಣಗೆರೆ ಸೀಮೆಯ ಕಡೆಗೆ ಸುಮಾರು 103 ಕಿಲೋಮೀಟರ್, ಎಡದಂಡೆ ನಾಲೆ ಸುಮಾರು 77 ಕಿಲೋಮೀಟರ್. ಸರ್ಕಾರಿ ಕಾಗದದಲ್ಲಿ 'ನಾಲೆ', ಊರವರ ಬಾಯಲ್ಲಿ 'ಚಾನಲ್'. ಇಷ್ಟುದ್ದದ ನಾಲೆಯ ಜೊತೆಗೆ ತಪಾಸಣೆ ರಸ್ತೆಯೂ ಸಾಗುತ್ತೆ. ಕೆಲವು ಕಡೆ ಡಾಂಬರು ಕಂಡಿದೆ, ಕೆಲವು ಕಡೆ ಗರಸು, ಇನ್ನು ಕೆಲವು ಕಡೆ ಜಾಲಿ ಬೆಳೆದು ಕಾಲುದಾರಿ ಮಾತ್ರ ಉಳಿದಿದೆ.

ಇದರ ಜೊತೆಗೆ ಈಗ ಭದ್ರಾ ಮೇಲ್ದಂಡೆ. ತುಂಗಾದಿಂದ 17.40 ಟಿಎಂಸಿ ನೀರನ್ನ ಭದ್ರಾಗೆ ಎತ್ತಿ, ಭದ್ರಾದಿಂದ 29.90 ಟಿಎಂಸಿ ನೀರನ್ನ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ಗಳಿಂದ ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ, ಚಿತ್ರದುರ್ಗ ಮತ್ತು ತುಮಕೂರು ಶಾಖಾ ಕಾಲುವೆಗಳಿಗೆ ಬಿಡುವ ಯೋಜನೆ. ಗುರಿ 2.25 ಲಕ್ಷ ಹೆಕ್ಟೇರ್. ಇಷ್ಟು ಕಾಲುವೆ ತೋಡಿದ ಕಡೆಯೆಲ್ಲ ಪಕ್ಕದಲ್ಲಿ ಒಂದು ಸರ್ವೀಸ್ ರಸ್ತೆಯೂ ಬರುತ್ತೆ, ಬಂದಿದೆ.

ಕಡೂರು ಕಡೆ ಈ ಮಟ್ಟದ ಚಾನಲ್ ಇಲ್ಲ. ಅಲ್ಲಿರೋದು ಕೆರೆ ಏರಿಗಳು. ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆಯ ಮದಗದಕೆರೆ, ಊರೂರಿನ ಸಣ್ಣ ಕೆರೆಗಳು. ಜೊತೆಗೆ 'ನಕಾಶೆ ಕಂಡ ದಾರಿ'. ಗ್ರಾಮ ನಕ್ಷೆ ಬಿಡಿಸಿ ನೋಡಿದರೆ ಜೋಡಿ ಚುಕ್ಕೆ ಗೆರೆಯಲ್ಲಿ ಬಂಡಿದಾರಿ, ಒಂಟಿ ಚುಕ್ಕೆ ಗೆರೆಯಲ್ಲಿ ಕಾಲುದಾರಿ ಕಾಣುತ್ತೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಎಷ್ಟೋ ಕಡೆ ಅವನ್ನ ಪಕ್ಕದ ಜಮೀನಿನವರು ಉತ್ತು, ತೆಂಗು ನೆಟ್ಟಿದ್ದಾರೆ ಅನ್ನೋದು ಬೇರೆ ಮಾತು. ತಾಲೂಕು ಕಚೇರಿಯಲ್ಲಿ ಒಂದು ದಿನ ಕೂತರೆ 'ದಾರಿ ಬಿಡಿಸಿಕೊಡಿ ಸ್ವಾಮಿ' ಅನ್ನೋ ಅರ್ಜಿಗಳೇ ಹೆಚ್ಚು.

ಇನ್ನು ಸೈಕಲ್ಲು. ಗ್ರಾವೆಲ್ ಬೈಕಿನ ಗುಟ್ಟೆಲ್ಲ ಟೈರಿನಲ್ಲಿದೆ. ರೇಸಿಂಗ್ ಸೈಕಲ್ಲಿನ ಟೈರು 25–28 ಮಿಲಿಮೀಟರ್ ಅಗಲ ಇದ್ದರೆ, ಇದರದು 35ರಿಂದ 50 ಮಿಲಿಮೀಟರ್. ಅಗಲ ಹೆಚ್ಚಿದ್ದಷ್ಟೂ ಕಡಿಮೆ ಗಾಳಿ ಹಾಕಿ ಓಡಿಸಬಹುದು, ಜಲ್ಲಿ ಮೇಲೆ ಜಾರಲ್ಲ, ಕೈಗೆ ಏಟು ಬೀಳಲ್ಲ. ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋ ಗ್ರಾವೆಲ್ ಬೈಕುಗಳಲ್ಲಿ 40 ಮಿಲಿಮೀಟರ್ ಟೈರು ಬಹಳ ಸಾಮಾನ್ಯ. ಈಗ ನಿಮ್ಮೂರಿನ ಹಾಲಿನವರ ಹಳೇ ಕರಿ ಸೈಕಲ್ಲಿನ ಟೈರಿನ ಪಕ್ಕ ಬಗ್ಗಿ ಓದಿ. 28 ಇಂಟು ಒಂದೂವರೆ ಅಂತ ಇರುತ್ತೆ. ಆ ಒಂದೂವರೆ ಇಂಚನ್ನ ಸೈಕಲ್ ಉದ್ಯಮದ ಅಳತೆಗೆ ತಂದರೆ 40 ಮಿಲಿಮೀಟರ್! ಕ್ಯಾನ್ಸಸ್‌ನವರು 2006ರಲ್ಲಿ ಕಂಡುಕೊಂಡಿದ್ದನ್ನ ನಮ್ಮ ಅಜ್ಜಂದಿರು ಎರಡು ಕ್ಯಾನು ಹಾಲು ನೇತುಹಾಕಿಕೊಂಡು ಐವತ್ತು ವರ್ಷ ಓಡಿಸಿದ್ದಾರೆ.

ಅಂದರೆ ದಾರಿ ಇದೆ, ಸೈಕಲ್ಲೂ ಇದೆ. ಇಲ್ಲದೆ ಇರೋದು ಆ ದಾರಿಯಲ್ಲಿ ಹೋಗೋಕೆ ಒಪ್ಪಿಗೆ.

ಹೈವೇ ಅಗಲವಾದಾಗ ಸೈಕಲ್ಲು ಎಲ್ಲಿಗೆ ಹೋಗಬೇಕು?

ಕಡೂರು, ಬೀರೂರು, ತರೀಕೆರೆ ಮೂರೂ ಊರುಗಳನ್ನ ಪೋಣಿಸಿರೋದು ತುಮಕೂರು–ಶಿವಮೊಗ್ಗ ಹೆದ್ದಾರಿ. ಹಳೇ ಹೆಸರು 206, ಈಗ 69. ಅದನ್ನ ನಾಲ್ಕು ಪಥ ಮಾಡಿದ್ದರಿಂದ ಬೆಂಗಳೂರು ಹತ್ತಿರವಾಯಿತು, ಆಂಬುಲೆನ್ಸ್ ಬೇಗ ಮುಟ್ಟುತ್ತೆ, ಎಲ್ಲ ಸರಿ. ನಾನೂ ಅದೇ ರಸ್ತೆಯಲ್ಲಿ ಊರಿಗೆ ಬರೋನು. ಆದರೆ ರಸ್ತೆ ಅಗಲವಾದಾಗ ಅದರ ಸ್ವಭಾವವೇ ಬದಲಾಗುತ್ತೆ.

ಎಂಜಿನಿಯರಿಂಗ್ ಮೊದಲ ವರ್ಷದ ಭೌತಶಾಸ್ತ್ರ ನೆನಪು ಮಾಡಿಕೊಳ್ಳಿ. ಗಾಡಿಯ ವೇಗ ಎರಡು ಪಟ್ಟಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತೆ. ಗಂಟೆಗೆ 40ರಲ್ಲಿ ಬರೋ ಕಾರು ತಾಗಿದರೆ ಕಾಲು ಮುರಿಯಬಹುದು, 80ರಲ್ಲಿ ಬರೋದು ತಾಗಿದರೆ ಬದುಕೋದು ಕಷ್ಟ. ಹಳೇ ಎರಡು ಪಥದ ರಸ್ತೆಯಲ್ಲಿ ಗುಂಡಿ, ಎದುರಿನ ಲಾರಿ, ಊರಿನ ಉಬ್ಬು, ದನ, ಎಲ್ಲ ಸೇರಿ ವೇಗ ತಗ್ಗಿಸುತ್ತಿದ್ದವು. ಹೊಸ ರಸ್ತೆಯಲ್ಲಿ ಆ ತಡೆ ಇಲ್ಲ.

ಇನ್ನೊಂದು ಸಮಸ್ಯೆ ನಡುವಿನ ಡಿವೈಡರ್. ಮನೆ ಈ ಕಡೆ, ಸ್ಕೂಲು ಆ ಕಡೆ ಇದ್ದರೆ ಅಂಡರ್‌ಪಾಸ್ ಎಲ್ಲಿದೆಯೋ ಅಲ್ಲಿಯವರೆಗೆ ಹೋಗಿ ಸುತ್ತಿ ಬರಬೇಕು. ಸರ್ವೀಸ್ ರಸ್ತೆ ಊರಿನ ಹತ್ತಿರ ಮಾತ್ರ ಇದ್ದು ಮಧ್ಯೆ ಕಡಿದು ಹೋದರೆ, ಸೈಕಲ್ಲಿನವರು ಮಾಡೋದು ಒಂದೇ: ರಾಂಗ್ ಸೈಡಲ್ಲಿ ಹೋಗೋದು. ನಾವು ಕಾರಿನಲ್ಲಿ ಕೂತು 'ಬುದ್ಧಿ ಇಲ್ಲ ಇವಕ್ಕೆ' ಅಂತ ಬೈತೀವಿ. ಒಂದೂವರೆ ಕಿಲೋಮೀಟರ್ ಸುತ್ತನ್ನ ಕಾಲಿಂದ ತುಳೀಬೇಕಾದವನ ಲೆಕ್ಕ ನಮಗೆ ಗೊತ್ತಾಗಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಸೈಕಲ್ ಸವಾರರು 4,800ಕ್ಕೂ ಹೆಚ್ಚು. ಸೈಕಲ್ಲಿನವನು ಯಾರನ್ನೂ ಗುದ್ದಿ ಕೊಲ್ಲೋದು ಅಪರೂಪ, ಸಾಯೋದು ಮಾತ್ರ ಅವನೇ.

ಇದಕ್ಕೆ ಸರ್ಕಾರಕ್ಕೆ ಹೊಳೆಯೋ ಸುಲಭದ ಪರಿಹಾರ ನಿಷೇಧ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಜೊತೆಗೆ ಎಂಜಿನ್ ಇಲ್ಲದ ಗಾಡಿಗಳನ್ನೂ ನಿಷೇಧಿಸಿದರು. ಸುರಕ್ಷತೆ ದೃಷ್ಟಿಯಿಂದ ಅದಕ್ಕೊಂದು ತರ್ಕ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ 'ಇಲ್ಲಿ ಬರಬೇಡ' ಅನ್ನೋ ಸರ್ಕಾರ 'ಹಾಗಾದರೆ ಇಲ್ಲಿ ಹೋಗು' ಅಂತ ಇನ್ನೊಂದು ದಾರಿ ತೋರಿಸಬೇಕಲ್ವಾ?

ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 138(1ಎ) ಅನ್ನೋ ಉಪಕಲಂ ಸೇರಿತು. ಎಂಜಿನ್ ಇಲ್ಲದ ವಾಹನಗಳು ಮತ್ತು ಪಾದಚಾರಿಗಳು ಸಾರ್ವಜನಿಕ ಜಾಗ ಹಾಗೂ ರಾಷ್ಟ್ರೀಯ ಹೆದ್ದಾರಿಗಳನ್ನ ಬಳಸುವ ಬಗ್ಗೆ ರಾಜ್ಯಗಳು ನಿಯಮ ಮಾಡಬಹುದು ಅನ್ನುತ್ತೆ ಅದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನ ಆರು ತಿಂಗಳೊಳಗೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಈ ಉಪಕಲಮನ್ನ ಎರಡು ರೀತಿ ಬಳಸಬಹುದು ಅನ್ನೋದನ್ನ ಗಮನಿಸಿ. ಸೈಕಲ್ಲನ್ನ ರಸ್ತೆಯಿಂದ ಓಡಿಸೋಕೂ ಅದು ಸಾಕು, ಸೈಕಲ್ಲಿಗೆ ಬೇರೆ ದಾರಿಯ ಹಕ್ಕು ಕೊಡೋಕೂ ಸಾಕು. ಯಾವುದು ಆಗುತ್ತೆ ಅನ್ನೋದು ಯಾರು ಗಟ್ಟಿಯಾಗಿ ಕೇಳ್ತಾರೆ ಅನ್ನೋದರ ಮೇಲೆ ನಿಂತಿದೆ.

ನಗರ ಭೂಸಾರಿಗೆ ನಿರ್ದೇಶನಾಲಯ ನಡಿಗೆ, ಸೈಕಲ್ ಸವಾರರ ಹಕ್ಕಿನ ಬಗ್ಗೆ ಒಂದು ಮಸೂದೆಯ ಕರಡು ಮಾಡಿತ್ತು. ಒಳ್ಳೇ ಕೆಲಸ. ಆದರೆ ಹೆಸರಲ್ಲೇ ಇದೆಯಲ್ಲ, 'ನಗರ'. ಸೈಕಲ್ ಬಗ್ಗೆ ಮಾತಾಡುವ ನಾವೂ ಕಬ್ಬನ್ ಪಾರ್ಕಿನಿಂದ ಆಚೆ ಬಂದಿಲ್ಲ.

ಯಾರು ತುಳೀತಿದ್ದಾರೆ?

ಮೊನ್ನೆ ಬೇಸಿಗೆಯಲ್ಲಿ ಊರಿಗೆ ಹೋದಾಗ ಸ್ನೇಹಿತನ ಸೈಕಲ್ ತಗೊಂಡು ತರೀಕೆರೆ ಕಡೆ ಚಾನಲ್ ಏರಿ ಮೇಲೆ ಹೊರಟೆ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ನೀರು. ಹಾರನ್ ಇಲ್ಲ. ಅರ್ಧ ಗಂಟೆಯಲ್ಲಿ ಎದುರಾದವರು: ಹುಲ್ಲಿನ ಹೊರೆ ಕಟ್ಟಿಕೊಂಡ ಒಬ್ಬರು, ತೋಟಕ್ಕೆ ಬುತ್ತಿ ಒಯ್ಯೋ ಹೆಂಗಸು, ಮೂರು ಹುಡುಗರು. ಹುಡುಗರ ಸೈಕಲ್ಲಿಗೆ ಮಡ್‌ಗಾರ್ಡೇ ಇರಲಿಲ್ಲ.

"ಹೈವೇಲಿ ಹೋದ್ರೆ ಹತ್ರ ಅಲ್ವೇನ್ರೋ?" ಅಂದೆ.

"ಹತ್ರ ಏನೋ ಹತ್ರನೇ ಅಣ್ಣ. ಅಮ್ಮ ಬೈತಾಳೆ."

ಅಲ್ಲಿಂದ ಸ್ವಲ್ಪ ಮುಂದೆ ಸೌಡಿಯೊಬ್ಬರು ಸಿಕ್ಕರು. ಚಾನಲ್ ನೀರು ಕಾಯೋರನ್ನ ನಮ್ಮ ಕಡೆ ಸೌಡಿ ಅಂತಾರೆ, ಹಳೇ ಮೈಸೂರು ಕಡೆ ನೀರುಗಂಟಿ. ನನ್ನ ಹೆಲ್ಮೆಟ್ಟು, ಮೊಬೈಲು ನೋಡಿ ಅವರಿಗೆ ಅನುಮಾನ. "ಎಲ್ಲಿಂದ ಬಂದ್ರಿ ಸಾ? ಇದು ಇಲಾಖೆ ದಾರಿ, ಹಂಗೆಲ್ಲ ಬರಂಗಿಲ್ಲ." ಹುಡುಗರು ಬಂದರಲ್ಲ ಅಂದೆ. "ಅವ್ರು ಊರೋರು ಬಿಡಿ. ಬರಂಗಿಲ್ಲ ಅಂತ್ಲೇ ರೂಲ್ಸು, ಆದ್ರೆ ಇನ್ನೆಲ್ಲಿ ಹೋಗ್ತವೆ."

ಇದಕ್ಕಿಂತ ಚೆನ್ನಾಗಿ ಪರಿಸ್ಥಿತಿನ ನಾನು ವಿವರಿಸಲಾರೆ. ಬ್ರಿಟಿಷರ 1873ರ ಉತ್ತರ ಭಾರತದ ಕಾಲುವೆ ಕಾಯ್ದೆಯಲ್ಲೇ, ನಿಯಮ ಮೀರಿ ಕಾಲುವೆ ದಂಡೆ ಮೇಲೆ ದನ, ಗಾಡಿ ಹೊಡೆಯೋದು ಅಪರಾಧ ಅಂತ ಬರೆದಿದ್ದರು. ದಂಡೆ ಅಂದರೆ ಇಲಾಖೆಯ ಆಸ್ತಿ, ಜನ ಅಂದರೆ ಅದನ್ನ ಹಾಳು ಮಾಡೋರು ಅನ್ನೋ ಆ ಕಣ್ಣು ಇವತ್ತಿಗೂ ಬದಲಾಗಿಲ್ಲ. ಸೌಡಿಯ ಒಳ್ಳೇತನದ ಮೇಲೆ ಆ ಹುಡುಗರು ಸ್ಕೂಲಿಗೆ ಹೋಗ್ತಿದ್ದಾರೆ. ನಾಳೆ ಇನ್ನೊಬ್ಬರು ಬಂದು ಚೈನು ಹಾಕಿ ಬೀಗ ಜಡಿದರೆ ಕೇಳೋಕೆ ಅವರ ಹತ್ತಿರ ಕಾಗದ ಇಲ್ಲ.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರುಮಾಡಿತು. ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟೋಕೆ ಅದು ಎಷ್ಟು ದೊಡ್ಡ ಆಸರೆಯಾಯಿತು ಅಂತ ನಮ್ಮ ತಲೆಮಾರಿಗೆ ಗೊತ್ತು. ಕೋವಿಡ್ ಬಂದಾಗ ಯೋಜನೆ ನಿಂತಿತು, ನಂತರದ ವರ್ಷಗಳಲ್ಲೂ ಮಕ್ಕಳು ಕಾಯುತ್ತಲೇ ಇದ್ದರು. ಆ ಬಗ್ಗೆ ಸಾಕಷ್ಟು ಬರೆದಿದ್ದೇವೆ, ಬರೀಬೇಕು ಕೂಡ. ಆದರೆ ಸೈಕಲ್ ಕೊಟ್ಟ ಹದಿನೈದು ವರ್ಷದಲ್ಲಿ ಒಮ್ಮೆಯೂ ನಾವು ಕೇಳದೇ ಹೋದ ಪ್ರಶ್ನೆ ಒಂದಿದೆ: ಆ ಸೈಕಲ್ಲನ್ನ ಯಾವ ದಾರಿಯಲ್ಲಿ ಓಡಿಸಬೇಕು? ಸೈಕಲ್ ಶಿಕ್ಷಣ ಇಲಾಖೆಯದು, ಹೈವೇ ಕೇಂದ್ರದ್ದು, ಚಾನಲ್ ನೀರಾವರಿಯವರದು, ಬಂಡಿದಾರಿ ಕಂದಾಯದವರದು. ಸವಾರಿ ಮಾತ್ರ ಯಾವ ಇಲಾಖೆಗೂ ಸೇರಿಲ್ಲ.

'ಆದರೆ ಚಾನಲ್ಲಿಗೆ ಬಿದ್ದರೆ?'

ಇದು ನಿಜವಾದ ಪ್ರಶ್ನೆ. ಪುಲ್ಯದ ಕಾಲುವೆ ನೆಲದೊಳಗಿದೆ, ಫ್ರಾನ್ಸಿನದು ದೋಣಿ ಸಾಗುವ ನಿಧಾನದ ನೀರು. ನಮ್ಮದು ತೆರೆದ ನಾಲೆ. ಕಾಂಕ್ರೀಟ್ ಹಾಕಿದ ಕಡೆ ಇಳಿಜಾರು ಪಾಚಿಗಟ್ಟಿ ಜಾರುತ್ತೆ, ಬಿದ್ದವನಿಗೆ ಹಿಡಿಯೋಕೆ ಏನೂ ಸಿಗಲ್ಲ. ಈಜು ಬರೋರೂ ಸತ್ತಿದ್ದಾರೆ.

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಸ್ಕೂಲಿನಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ದುರಂತ ಹೇಳೋದು ಏನು? ನಾಲೆ ಪಕ್ಕದ ದಾರಿ ತಡೆಗೋಡೆ ಇಲ್ಲದೆ ಮೋಟಾರು ರಸ್ತೆಯಾದರೆ ಅದು ಸಾವಿನ ದಾರಿ ಅಂತ. ಹಾಗಾಗಿ ನಾನು ಕೇಳ್ತಿರೋದು ಚಾನಲ್ ಏರಿಗೆ ಡಾಂಬರು ಹಾಕಿ ಅಂತ ಅಲ್ಲ. ಡಾಂಬರು ಬಿದ್ದ ಮರುದಿನ ಅದು ಕಾರಿನವರ ಬೈಪಾಸ್ ಆಗುತ್ತೆ, ವೇಗ ಬರುತ್ತೆ. ಗರಸು ದಾರಿ ಗರಸಾಗಿಯೇ ಇರಬೇಕು. ಆ ಒರಟುತನವೇ ಅದರ ಸ್ಪೀಡ್ ಬ್ರೇಕರ್.

ಎರಡನೇ ಆಕ್ಷೇಪ ರೈತರದು, ಅದು ಇನ್ನೂ ಗಟ್ಟಿ. ಈ ದಂಡೆಗಳು ಆಕಾಶದಿಂದ ಇಳಿದು ಬಂದಿದ್ದಲ್ಲ, ಅವರ ಜಮೀನು. ಮೇಲ್ದಂಡೆ ಕಾಲುವೆ ಅಬ್ಬಿನಹೊಳಲು ಹತ್ತಿರ ಭೂಸ್ವಾಧೀನದ ಪರಿಹಾರಕ್ಕಾಗಿ ವರ್ಷಗಟ್ಟಲೆ ನಿಂತಿದ್ದು ಎಲ್ಲರಿಗೂ ಗೊತ್ತು. 2025ರ ಜೂನ್‌ನಲ್ಲಿ ತರೀಕೆರೆ, ಕಡೂರು, ಹೊಸದುರ್ಗ ಕಡೆಗೆ ಕುಡಿಯುವ ನೀರು ಒಯ್ಯಲು ಬಲದಂಡೆ ನಾಲೆಯನ್ನ ಸೀಳುವ ಕಾಮಗಾರಿ ವಿರುದ್ಧ ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು. ಇಲ್ಲಿ ನಾಲೆ ಅಂದರೆ ಜಗಳ, ನಂಬಿಕೆ ಇಲ್ಲದ ಜಾಗ. ಅಕ್ರಮವಾಗಿ ನೀರೆತ್ತೋರ ಮೇಲೆ ಕಠಿಣ ಕ್ರಮಕ್ಕೆ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯೂ ಬಂತು. ಇಂಥ ಜಾಗದಲ್ಲಿ ನಗರದಿಂದ ಹತ್ತು ಜನ ಬಣ್ಣದ ಜೆರ್ಸಿ ಹಾಕಿಕೊಂಡು ಬಂದು 'ಸೈಕ್ಲಿಂಗ್ ಟ್ರೇಲ್' ಅಂತ ಬೋರ್ಡು ನೆಟ್ಟರೆ ರೈತ ಸುಮ್ಮನಿರಬೇಕಾ? ಇರಬಾರದು. ದಾರಿಯ ಮೊದಲ ಹಕ್ಕು ಜಮೀನು ಕೊಟ್ಟವರದು: ಅವರ ಟ್ರಾಕ್ಟರಿಗೆ, ಅಡಿಕೆ ಗೊನೆ ಸಾಗಿಸೋಕೆ. ಆಮೇಲೆ ಮಕ್ಕಳದು. ಪ್ರವಾಸಿ ಕೊನೆಗೆ ಬರಲಿ.

ಮೂರನೆಯದು ಕಾಡು. ಸ್ಪೇನಿನ ಕಿರು ರೈಲಿನ ಹಾಗೆ ನಮ್ಮಲ್ಲೂ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಹಳಿಯ ಟ್ರಾಮು ಓಡುತ್ತಿತ್ತು. ಅದನ್ನೇ ಸೈಕಲ್ ದಾರಿ ಮಾಡಬಹುದಲ್ಲ ಅಂತ ಕೇಳೋರಿದ್ದಾರೆ. ಬೇಡ. ಆ ಕಡೆ ಈಗ ಭದ್ರಾ ಹಿನ್ನೀರು ಮತ್ತು 1998ರಲ್ಲಿ ಘೋಷಣೆಯಾದ ಹುಲಿ ಸಂರಕ್ಷಿತ ಪ್ರದೇಶ ಇದೆ. ಹುಲಿಗಾಗಿ ಹಳ್ಳಿಗಳನ್ನೇ ಎಬ್ಬಿಸಿ ಬೇರೆಡೆ ಕೂರಿಸಿದ ಜಾಗಕ್ಕೆ ಸೈಕಲ್ ಶೋಕಿ ನುಗ್ಗಿದರೆ ಅದು ಅನ್ಯಾಯ. ಕಡೂರು ತಾಲೂಕಿನ ಬಾಸೂರು ಕಾವಲು ಕೂಡ ಹಾಗೇ. ಅಮೃತ್ ಮಹಲ್ ದನಗಳಿಗಾಗಿ ಉಳಿಸಿದ್ದ ಆ ಹುಲ್ಲುಗಾವಲು 2011ರಿಂದ ಕೃಷ್ಣಮೃಗ ಸಂರಕ್ಷಣಾ ಮೀಸಲು. ಖಾಲಿ ಕಾಣುತ್ತೆ ಅಂತ ಹುಲ್ಲುಗಾವಲನ್ನ ದಾರಿ ಮಾಡಿಕೊಳ್ಳೋದು ಸರಿಯಲ್ಲ.

ಏನು ಕೇಳಬೇಕು?

ಬಲದಂಡೆ, ಎಡದಂಡೆ ನಾಲೆಗಳು ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿವೆ, ಮೇಲ್ದಂಡೆ ವಿಶ್ವೇಶ್ವರಯ್ಯ ಜಲ ನಿಗಮದ ಕೈಯಲ್ಲಿ. ಎರಡೂ ಸರ್ಕಾರದ ನಿಗಮಗಳು. ಅಂದರೆ ಇದಕ್ಕೆ ಹೊಸ ಪ್ರಾಧಿಕಾರ, ನೂರಾರು ಕೋಟಿಯ ಪ್ಯಾಕೇಜು ಯಾವುದೂ ಬೇಡ. ನಾಲ್ಕು ಕೆಲಸ ಸಾಕು.

ಒಂದು, ಸರ್ವೆ. ಹೈವೇ ಪಕ್ಕದ ಪ್ರತಿ ಹೈಸ್ಕೂಲಿನ ಮಕ್ಕಳು ಎಲ್ಲಿಂದ ಬರ್ತಾರೆ, ಅವರ ದಾರಿಗೆ ಸಮಾನಾಂತರವಾಗಿ ಯಾವ ಚಾನಲ್ ಏರಿ, ಕೆರೆ ಏರಿ, ನಕಾಶೆ ದಾರಿ ಇದೆ ಅಂತ ಗುರುತಿಸೋದು. ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ ಮತ್ತು ಗ್ರಾಮ ಆಡಳಿತಾಧಿಕಾರಿ ಕೂತರೆ ವಾರದ ಕೆಲಸ.

ಎರಡು, ಒಪ್ಪಿಗೆ. ಗುರುತಿಸಿದ ಭಾಗಗಳಲ್ಲಿ ನಡಿಗೆ ಮತ್ತು ಸೈಕಲ್ಲಿಗೆ ಲಿಖಿತ ಅನುಮತಿ, ಅಚ್ಚುಕಟ್ಟಿನ ರೈತರ ಗಾಡಿಗೆ ಅನುಮತಿ, ಉಳಿದ ಮೋಟಾರಿಗೆ ಇಲ್ಲ. 138(1ಎ) ಅಡಿಯಲ್ಲಿ ರಾಜ್ಯ ಮಾಡುವ ನಿಯಮದಲ್ಲೇ ಇದನ್ನ ಸೇರಿಸಬಹುದು. ಮೇಲ್ದಂಡೆ ಸರ್ವೀಸ್ ರಸ್ತೆಗಳಿಗೆ ಈಗಲೇ ಮಾಡಿದರೆ ಆಮೇಲೆ ಬೀಗ ಒಡೆಯೋ ಕಷ್ಟ ಇರಲ್ಲ.

ಮೂರು, ಗೇಟು. ಎರಡು ಕಲ್ಲುಕಂಬ, ನಡುವೆ ಸೈಕಲ್ಲು ತೂರುವಷ್ಟು ಜಾಗ. ಪಕ್ಕದಲ್ಲಿ ಟ್ರಾಕ್ಟರಿಗೆ ಬೀಗದ ಗೇಟು, ಕೀಲಿ ನೀರು ಬಳಕೆದಾರರ ಸಂಘದ ಹತ್ತಿರ. ಪುಲ್ಯದಲ್ಲಿ ಮಾಡಿದ್ದು ಇದಕ್ಕಿಂತ ದೊಡ್ಡದೇನಲ್ಲ.

ನಾಲ್ಕು, ಜೀವ. ಊರು, ಸ್ಕೂಲು ಹತ್ತಿರದ ಭಾಗದಲ್ಲಿ ನೀರಿನ ಕಡೆಗೆ ಬೇಲಿ ಅಥವಾ ಗಿಡದ ಸಾಲು. ಕಾಂಕ್ರೀಟ್ ನಾಲೆಯಲ್ಲಿ ಅಲ್ಲಲ್ಲಿ ಮೆಟ್ಟಿಲು, ಹಿಡಿಯೋಕೆ ಸರಪಳಿ. ಇದು ಸೈಕಲ್ಲಿಗಾಗಿ ಅಷ್ಟೇ ಅಲ್ಲ. ಬಟ್ಟೆ ಒಗೆಯೋ ಹೆಂಗಸರು, ದನ ತೊಳೆಯೋರು, ಈಜೋಕೆ ಬರೋ ಹುಡುಗರು ಈಗಲೂ ಅಲ್ಲೇ ಇದ್ದಾರೆ. ದಾರಿ ಅಧಿಕೃತ ಅಲ್ಲ ಅನ್ನೋ ಕಾರಣಕ್ಕೆ ಅವರ ಸುರಕ್ಷತೆ ಯಾರ ಜವಾಬ್ದಾರಿಯೂ ಅಲ್ಲದಂತಾಗಿದೆ. ಒಪ್ಪಿಗೆ ಕೊಟ್ಟರೆ ಹೊಣೆಯೂ ಬರುತ್ತೆ. ಇಲಾಖೆಗಳು ಒಪ್ಪಿಗೆ ಕೊಡೋಕೆ ಹಿಂಜರಿಯೋದು ಬಹುಶಃ ಅದಕ್ಕೇ.

ಪ್ರವಾಸಿಗರು ಬರಬಾರದಾ? ಬರಲಿ. 12ನೇ ಶತಮಾನದ ಅಮೃತಾಪುರದ ದೇವಸ್ಥಾನ ನೋಡೋಕೆ ತರೀಕೆರೆಯಿಂದ ಸೈಕಲ್ ತುಳಿದುಕೊಂಡು ಬಂದವರು ದಾರಿಯಲ್ಲಿ ಒಂದು ಎಳನೀರು ಕುಡಿದರೆ ನಮಗೇ ಲಾಭ. ಮೆಡಿಟರೇನಿಯನ್ ಕರಾವಳಿಯ ಹಳ್ಳಿಗಳಿಗೂ ಹೀಗೇ ನಾಲ್ಕು ಕಾಸು ಬಂದಿದ್ದು. ಆದರೆ ಅಲ್ಲಿ ರಜೆಯ ಸವಾರಿಗೆ ತೆರೆದ ದಾರಿ ನಮ್ಮಲ್ಲಿ ದಿನದ ಸವಾರಿಗೆ ತೆರೀಬೇಕು. ನಮ್ಮ 'ಗ್ರಾವೆಲ್ ರೈಡರ್' ಭಾನುವಾರ ಬರೋನಲ್ಲ. ಸೋಮವಾರದಿಂದ ಶನಿವಾರದವರೆಗೆ, ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಐದಕ್ಕೆ ವಾಪಸ್ ಬರೋ ಹುಡುಗಿ.

ಮುಂದಿನ ಗ್ರಾಮಸಭೆ ನಿಮ್ಮೂರಲ್ಲಿ ಯಾವಾಗ ಅಂತ ವಿಚಾರಿಸಿ. ಚರಂಡಿ, ಬೀದಿದೀಪದ ಪಟ್ಟಿ ಮುಗಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮೂರ ಮಕ್ಕಳು ಹೈವೇ ಹತ್ತದೆ ಸ್ಕೂಲಿಗೆ ಹೋಗೋ ದಾರಿ ಯಾವುದು, ಅದಕ್ಕೆ ಬೀಗ ಹಾಕಿರೋರು ಯಾರು? ಉತ್ತರ ಅಲ್ಲೇ ಸಿಗದೇ ಇರಬಹುದು. ಆದರೆ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಬರೆಸಿ. ಆ ಸೌಡಿಗೂ, ಆ ಮೂವರು ಹುಡುಗರಿಗೂ ತೋರಿಸೋಕೆ ಒಂದು ಕಾಗದವಾದರೂ ಇರುತ್ತೆ.